ಆ್ಯಶ್ (ಕಾದಂಬರಿ)

ಅಮೆರಿಕದ ಲೇಖಕಿ ಮಲಿಂಡಾ ಲೋ ಇಂಗ್ಲಿಷಿನಲ್ಲಿ ಬರೆದ ಮೊದಲ ಕಾದಂಬರಿ. ಹದಿಹರೆಯದ ಓದುಗರಿಗಾಗಿ ಬರೆದದ್ದು. 2009ರಲ್ಲಿ ಲಿಟ್ಲ್, ಬ್ರೌನ್ ಸಂಸ್ಥೆ ಇದನ್ನು ಪ್ರಕಟಿಸಿತು. ಲೋಕಪ್ರಸಿದ್ಧವಾದ ಸಿಂಡರೆಲಾ ಕಥೆಯೇ ಇದರ ಆಧಾರ. ತಬ್ಬಲಿ ಹುಡುಗಿ, ಮಲತಾಯಿ, ಇಬ್ಬರು ಮಲಸೋದರಿಯರು, ಅರಮನೆಯ ನೃತ್ಯಕೂಟ, ಮಧ್ಯರಾತ್ರಿಯ ಓಟ ಎಲ್ಲವೂ ಇಲ್ಲಿವೆ. ಆದರೆ ನಾಯಕಿ ಕೊನೆಗೆ ಸೇರುವುದು ರಾಜಕುಮಾರನನ್ನಲ್ಲ, ಅರಸನ ಬೇಟೆಪಡೆಯನ್ನು ಮುನ್ನಡೆಸುವ ಹೆಣ್ಣನ್ನು. ಇಂಗ್ಲಿಷಿನ ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತರ) ಯುವಸಾಹಿತ್ಯದಲ್ಲಿ ಅಡಗೂಲಜ್ಜಿ ಕಥೆಗಳ ಮರುಕಥನ ಒಂದು ಪ್ರತ್ಯೇಕ ಧಾರೆಯಾಗಿ ಬೆಳೆದಿದೆ. ಆ ಧಾರೆಯ ಮಾತು ಬಂದಾಗಲೆಲ್ಲ ಮೊದಲು ನೆನೆಯಬೇಕಾದ ಪುಸ್ತಕಗಳಲ್ಲಿ ಇದೊಂದು.

ಮೂಲಕಥೆ

ಸಿಂಡರೆಲಾ ಒಂದೇ ಕಥೆಯಲ್ಲ, ದೊಡ್ಡದೊಂದು ಕಥಾಕುಲ. ಜಾನಪದ ವಿದ್ವಾಂಸರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಅದಕ್ಕೆ 510ಎ ಎಂಬ ಸಂಖ್ಯೆಯಿದೆ. ಮರಿಯನ್ ರೋಲ್ಫ್ ಕಾಕ್ಸ್ ಎಂಬ ವಿದುಷಿ 1893ರಲ್ಲೇ ಇದರ ಮತ್ತು ಇದರ ನೆಂಟಕಥೆಗಳ 345 ಪಾಠಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ್ದರು. ಒಂಬತ್ತನೆಯ ಶತಮಾನದ ಚೀನಾದಲ್ಲಿ ದುವಾನ್ ಚೆಂಗ್‌ಶಿ ಬರೆದಿಟ್ಟ ಯೆ ಶಿಯನ್ ಎಂಬ ಹುಡುಗಿಯ ಕಥೆಯಲ್ಲಿ ಸತ್ತ ಮೀನಿನ ಮೂಳೆಗಳು ವರ ಕೊಡುತ್ತವೆ, ಚಿನ್ನದ ಪಾದರಕ್ಷೆ ಕಳೆದುಹೋಗುತ್ತದೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ಗಾಜಿನ ಪಾದರಕ್ಷೆ, ಕುಂಬಳಕಾಯಿಯ ಸಾರೋಟು, ವರ ಕೊಡುವ ಕಿನ್ನರಿ ಇವೆಲ್ಲ 1697ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಪೆರೋ ಬರೆದ ಪಾಠದಿಂದ ಬಂದವು. ಗ್ರಿಮ್ ಸೋದರರ ಜರ್ಮನ್ ಪಾಠದಲ್ಲಿ ಕಿನ್ನರಿಯೇ ಇಲ್ಲ. ಅಲ್ಲಿ ಹುಡುಗಿ ತಾಯಿಯ ಸಮಾಧಿಯ ಮೇಲೆ ಹೇಸಲ್ ಗಿಡ ನೆಟ್ಟು ಕಣ್ಣೀರೆರೆದು ಬೆಳೆಸುತ್ತಾಳೆ. ಅದು ಮರವಾದಾಗ ಅಲ್ಲಿಗೆ ಬರುವ ಹಕ್ಕಿ ಅವಳು ಕೇಳಿದ ಉಡುಗೆ ತೊಡುಗೆಗಳನ್ನು ಕೊಡುತ್ತದೆ.

ಮಲಿಂಡಾ ಲೋ ಅವರ ಕಾದಂಬರಿ ಪೆರೋನಿಗಿಂತ ಗ್ರಿಮ್ ಪಾಠಕ್ಕೆ ಹತ್ತಿರ. ತಾಯಿಯ ಸಮಾಧಿಯೇ ಅದರ ನಡುಗಂಬ. ಕುಂಬಳಕಾಯಿ, ಇಲಿಗಳ ಕುದುರೆ ಮುಂತಾದ ಚಮತ್ಕಾರಗಳನ್ನು ಅವರು ಕೈಬಿಟ್ಟಿದ್ದಾರೆ. ಕಿನ್ನರರನ್ನು ಉಳಿಸಿಕೊಂಡಿದ್ದಾರೆ, ಆದರೆ ಇವರು ಬಾಲಬೋಧೆಯ ಪುಟಗಳಲ್ಲಿ ರೆಕ್ಕೆ ಬಡಿಯುವ ಕಿನ್ನರರಲ್ಲ. ಐರ್ಲೆಂಡಿನ ಜನಪದ ನಂಬಿಕೆಯ ಕಿನ್ನರರು: ಚೆಲುವರು, ತಣ್ಣನೆಯವರು, ಮನುಷ್ಯರನ್ನು ಮರುಳು ಮಾಡಿ ಕಾಡಿನೊಳಗೆ ಎಳೆದೊಯ್ಯುವವರು. ಅವರ ಊಟ ಉಂಡವರು, ಅವರೊಡನೆ ಕುಣಿದವರು ಮರಳಿ ಮನೆಯವರಾಗಿ ಉಳಿಯುವುದಿಲ್ಲ ಎಂಬುದು ಆ ನಾಡಿನ ನಂಬಿಕೆ. ನಮ್ಮ ಹಳ್ಳಿಗಳಲ್ಲಿ ಮೋಹಿನಿಯ ಕಥೆ ಕೇಳಿ ಬೆಳೆದವರಿಗೆ ಈ ಭಯದ ಸ್ವರೂಪ ಹೊಸದೆನಿಸದು.

ಲೇಖಕಿ

ಲೋ ಹುಟ್ಟಿದ್ದು ಚೀನಾದಲ್ಲಿ. ಅವರು ಪುಟ್ಟ ಮಗುವಾಗಿದ್ದಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ವೆಲ್ಸ್ಲಿ ಕಾಲೇಜು, ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಓದಿದರು. ಪೂರ್ವ ಏಷ್ಯಾ ಅಧ್ಯಯನ ಮತ್ತು ಸಾಂಸ್ಕೃತಿಕ ಮಾನವಶಾಸ್ತ್ರ ಅವರ ಓದಿನ ಕ್ಷೇತ್ರಗಳು. ಕಾದಂಬರಿಗೆ ಮೊದಲು ಪತ್ರಕರ್ತೆಯಾಗಿದ್ದರು. ಸಲಿಂಗಿ ಹೆಣ್ಣುಮಕ್ಕಳ ಬದುಕು ಮತ್ತು ಮನರಂಜನಾ ಲೋಕದ ಬಗ್ಗೆ ಬರೆಯುತ್ತಿದ್ದ ‘ಆಫ್ಟರ್ ಎಲನ್’ ಜಾಲತಾಣದ ಸಂಪಾದಕಿಯರಲ್ಲಿ ಒಬ್ಬರಾಗಿ ದುಡಿದರು. ಸಿನಿಮಾ, ಟೀವಿಗಳಲ್ಲಿ ತಮ್ಮಂಥವರ ಕಥೆಗಳು ಹೇಗೆ ಬರುತ್ತವೆ, ಹೇಗೆ ಮುಗಿಯುತ್ತವೆ ಎಂಬುದನ್ನು ವರ್ಷಗಟ್ಟಲೆ ಗಮನಿಸಿದ ಕಣ್ಣು ಈ ಕಾದಂಬರಿಯ ಹಿಂದಿದೆ.

ಆದರೂ ಮೊದಲ ಕರಡಿನಲ್ಲಿ ನಾಯಕಿ ಪ್ರೀತಿಸಿದ್ದು ರಾಜಕುಮಾರನನ್ನೇ. ಕರಡನ್ನು ಓದಿದ ಗೆಳತಿಯೊಬ್ಬರು, ಈ ರಾಜಕುಮಾರನಲ್ಲಿ ಜೀವವಿಲ್ಲ, ನಿನ್ನ ಹುಡುಗಿಯ ಮನಸ್ಸು ಇನ್ನೊಬ್ಬ ಹೆಣ್ಣಿನ ಕಡೆಗೇ ವಾಲುತ್ತಿದೆ ಎಂದು ತೋರಿಸಿಕೊಟ್ಟರಂತೆ. ಲೋ ಇದನ್ನು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಸಂಗತಿ ನನಗೆ ಮುಖ್ಯವೆನಿಸುತ್ತದೆ. ಲೇಖಕಿ ಸ್ವತಃ ಸಲಿಂಗಿ, ವೃತ್ತಿಯಲ್ಲೂ ಅದನ್ನೇ ಬರೆಯುತ್ತಿದ್ದವರು. ಅಂಥವರ ಕೈಯಲ್ಲೂ ಸಿಂಡರೆಲಾ ಕಥೆ ಮೊದಲು ಹಳೆಯ ಹಳಿಯ ಮೇಲೇ ಓಡಿತು. ಕೇಳಿ ಕೇಳಿ ರೂಢಿಯಾದ ಕಥೆಯ ಹಿಡಿತ ಎಷ್ಟು ಬಿಗಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಥಾವಸ್ತು

ಕಾಡಿನ ಅಂಚಿನ ರೂಕ್ ಹಿಲ್ ಎಂಬ ಊರು. ಅಲ್ಲಿ ಆಶ್ಲಿಂಗ್ ಎಂಬ ಹುಡುಗಿ. ಕರೆಯುವ ಹೆಸರು ಆ್ಯಶ್. ತಾಯಿ ಎಲಿನಾರ್ ಸತ್ತಾಗ ಅವಳನ್ನು ಕಾಡಿನ ಬದಿಯಲ್ಲೇ ಮಣ್ಣು ಮಾಡುತ್ತಾರೆ. ಎಲಿನಾರ್ ಹಳೆಯ ವಿದ್ಯೆಗಳನ್ನು ಬಲ್ಲವಳು, ಕಿನ್ನರರಿದ್ದಾರೆ ಎಂದು ನಂಬಿದವಳು. ತಂದೆಗೆ ಅದೆಲ್ಲ ಮೂಢನಂಬಿಕೆ. ಆತ ಇಬ್ಬರು ಹೆಣ್ಣುಮಕ್ಕಳಿರುವ ಲೇಡಿ ಇಸೊಬೆಲ್ ಎಂಬ ವಿಧವೆಯನ್ನು ಮದುವೆಯಾಗಿ, ಸ್ವಲ್ಪ ದಿನಕ್ಕೇ ಕಾಯಿಲೆ ಬಿದ್ದು ಸಾಯುತ್ತಾನೆ. ಮಲತಾಯಿ ಊರು ಬಿಟ್ಟು ರಾಜಧಾನಿಯ ಹತ್ತಿರದ ತನ್ನ ಮನೆಗೆ ಬರುತ್ತಾಳೆ. ನಿನ್ನಪ್ಪ ಬಿಟ್ಟುಹೋದದ್ದು ಸಾಲವನ್ನು ಮಾತ್ರ, ಅದನ್ನು ನೀನು ದುಡಿದು ತೀರಿಸು ಎಂದು ಹುಡುಗಿಯನ್ನು ಮನೆಗೆಲಸಕ್ಕೆ ಹಚ್ಚುತ್ತಾಳೆ. ಹಳೆಯ ಕಥೆಗಳಲ್ಲಿ ಮಲತಾಯಿಯ ಕೇಡಿಗೆ ಕಾರಣವೇ ಬೇಕಿರಲಿಲ್ಲ. ಇಲ್ಲಿ ಕ್ರೌರ್ಯಕ್ಕೆ ಲೆಕ್ಕಪುಸ್ತಕದ ವೇಷವಿದೆ. ಸಾಲದ ಹೆಸರಿನಲ್ಲಿ ಮಕ್ಕಳನ್ನು ಜೀತಕ್ಕಿಟ್ಟ ಕಾಲವನ್ನು ಬಲ್ಲ ನಮಗೆ ಆ ಮಾತು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಾದಂಬರಿಗೆ ಎರಡು ಭಾಗ. ಮೊದಲನೆಯದು ಕಿನ್ನರನದು, ಎರಡನೆಯದು ಬೇಟೆಗಾರ್ತಿಯದು. ತಾಯಿಯ ಸಮಾಧಿ ಹುಡುಕಿಕೊಂಡು ರಾತ್ರಿ ಕಾಡು ಹೊಕ್ಕ ಆ್ಯಶ್‌ಗೆ ಶೀಯನ್ ಎಂಬ ಕಿನ್ನರ ಸಿಗುತ್ತಾನೆ. ಅವನು ಅಪಾಯಕಾರಿ ಎಂದು ಅವಳು ಓದಿದ ಕಥೆಗಳೆಲ್ಲ ಹೇಳುತ್ತವೆ. ಅಪಾಯವೇ ಅವಳಿಗೆ ಬೇಕಾದದ್ದು. ತನ್ನನ್ನು ಕರೆದುಕೊಂಡು ಹೋಗು ಎಂದು ಅವಳೇ ಬೇಡುತ್ತಾಳೆ, ಇನ್ನೂ ಸಮಯ ಬಂದಿಲ್ಲವೆಂದು ಅವನು ಹಿಂದೆ ಸರಿಯುತ್ತಾನೆ. ಹದಿವಯಸ್ಸಿನ ದುಃಖ ಸಾವಿನ ಕಡೆಗೆ ಹೇಗೆ ಮೆಲ್ಲನೆ ಜಾರುತ್ತದೆ ಎಂಬುದನ್ನು ಲೋ ಒಂದೇ ಒಂದು ಉಪದೇಶದ ಮಾತಿಲ್ಲದೆ ಈ ಭಾಗದಲ್ಲಿ ಕಾಣಿಸಿದ್ದಾರೆ.

ಎರಡನೆಯ ಭಾಗದಲ್ಲಿ ಕೈಸಾ ಬರುತ್ತಾಳೆ. ಆ ರಾಜ್ಯದಲ್ಲಿ ಅರಸನ ಬೇಟೆಯನ್ನು ನಡೆಸುವ ಹೊಣೆ ಪರಂಪರೆಯಿಂದ ಹೆಂಗಸರದು. ಕೈಸಾ ಆ ಪದವಿಯಲ್ಲಿರುವವಳು. ಕಾಡಿನಲ್ಲಿ ಎದುರುಬದುರಾದ ಇಬ್ಬರಿಗೂ ನಿಧಾನವಾಗಿ ಸಲುಗೆ ಬೆಳೆಯುತ್ತದೆ. ಕೈಸಾ ಆ್ಯಶ್‌ಗೆ ಕುದುರೆ ಸವಾರಿ ಕಲಿಸುತ್ತಾಳೆ, ಜಿಂಕೆಯ ಹೆಜ್ಜೆಗುರುತು ಹಿಡಿದು ಹೋಗುವುದನ್ನು ಕಲಿಸುತ್ತಾಳೆ. ನೆಲ ನೋಡಿ ನಡೆಯುವುದು, ಉಸಿರು ಬಿಗಿಹಿಡಿದು ನಿಲ್ಲುವುದು, ಪಕ್ಕದಲ್ಲಿರುವವಳ ಮೌನವನ್ನು ಅರ್ಥ ಮಾಡಿಕೊಳ್ಳುವುದು: ಪ್ರೇಮ ಈ ಕಲಿಕೆಯಲ್ಲೇ ಹುಟ್ಟುತ್ತದೆ. ಮೊದಲ ನೋಟದಲ್ಲೇ ಮನಸೋಲುವ ಹಳೆಯ ಪದ್ಧತಿ ಇಲ್ಲಿಲ್ಲ. ಕಿನ್ನರ ತಾನಾಗಿ ಹೊಳೆದು ಎದುರು ನಿಲ್ಲುವವನು. ಕೈಸಾಳ ಹತ್ತಿರ ಹೋಗಬೇಕಾದರೆ ಆ್ಯಶ್ ಏನಾದರೊಂದನ್ನು ಕಲಿಯಬೇಕು, ಮೈಕೈ ನೋಯಿಸಿಕೊಳ್ಳಬೇಕು, ಮರುದಿನ ಮತ್ತೆ ಬರಬೇಕು.

ರಾಜಬೇಟೆಗೆ ಹೋಗಲು, ಅರಮನೆಯ ನೃತ್ಯಕೂಟಕ್ಕೆ ಹೋಗಲು ಆ್ಯಶ್ ಕಿನ್ನರನ ನೆರವು ಕೇಳುತ್ತಾಳೆ. ಬೆಲೆ ಅವಳೇ: ಮುಂದೊಂದು ದಿನ ಅವಳು ಅವನವಳಾಗಬೇಕು. ನೃತ್ಯಕೂಟದಲ್ಲಿ ರಾಜಕುಮಾರ ಏಡನ್ ಅವಳೊಡನೆ ಕುಣಿಯುತ್ತಾನೆ, ಕುಣಿದದ್ದಷ್ಟೇ. ಮೂರು ಶತಮಾನ ಯುರೋಪಿನ ಕಥೆಯ ಗುರಿಯಾಗಿದ್ದವನನ್ನು ಲೋ ದಾರಿಯ ಬದಿಯ ಪಾತ್ರ ಮಾಡಿ ಬಿಟ್ಟಿದ್ದಾರೆ. ಅವನನ್ನು ದುಷ್ಟನನ್ನಾಗಲಿ ದಡ್ಡನನ್ನಾಗಲಿ ಮಾಡದಿರುವುದು ಲೇಖಕಿಯ ಔಚಿತ್ಯಪ್ರಜ್ಞೆ.

ಕಿನ್ನರನ ಗುಟ್ಟೂ ಕೊನೆಗೆ ಹೊರಬೀಳುತ್ತದೆ. ಬಹಳ ಹಿಂದೆ ಎಲಿನಾರ್ ಅವನಿಗೆ ಶಾಪ ಕೊಟ್ಟಿದ್ದಳು: ಮನುಷ್ಯರನ್ನು ಮರುಳು ಮಾಡುವ ನೀನೂ ಮನುಷ್ಯ ಹೆಣ್ಣೊಬ್ಬಳಿಗಾಗಿ ಮರುಗು ಎಂದು. ಆ ಹೆಣ್ಣು ಎಲಿನಾರಳ ಮಗಳೇ ಆದಳು. ಆ್ಯಶ್ ಓಡಿಹೋಗುವುದಿಲ್ಲ. ಮಾತಿಗೆ ತಪ್ಪದೆ, ಆದರೆ ಮಾತಿನ ಅಳತೆಯನ್ನು ತಾನೇ ನಿಗದಿ ಮಾಡಿ, ಒಂದೇ ಒಂದು ರಾತ್ರಿಗೆ ಅವನ ಲೋಕಕ್ಕೆ ಹೋಗಿ ಋಣ ಹರಿದುಕೊಂಡು, ಕೈಸಾಳ ಬಳಿಗೆ ಬರುತ್ತಾಳೆ.

ವಿಮರ್ಶೆ

ನಾಯಕನ ಜಾಗದಲ್ಲಿ ನಾಯಕಿಯನ್ನು ಕೂರಿಸಿದ್ದೇ ಈ ಕೃತಿಯ ಸಾಧನೆ ಎಂದು ಹೇಳುವವರಿದ್ದಾರೆ. ಅಷ್ಟೇ ಆಗಿದ್ದರೆ ಇದು ಒಂದು ಸಲದ ಚಮತ್ಕಾರವಾಗಿ ಮುಗಿದುಹೋಗುತ್ತಿತ್ತು. ಕಾದಂಬರಿಯ ನಿಜವಾದ ಆಯ್ಕೆ ಗಂಡು ಹೆಣ್ಣಿನ ನಡುವಿನದಲ್ಲವೇ ಅಲ್ಲ. ಕಿನ್ನರ ಎಂದರೆ ತಾಯಿಯ ಹಿಂದೆಯೇ ಹೊರಟುಹೋಗುವ ಆಸೆ. ಬೇಟೆಗಾರ್ತಿ ಎಂದರೆ ಉಳಿದು ಬಾಳುವ ಆಸೆ. ಪ್ರೀತಿಗೆ ಮುಂಚೆ ದುಃಖ ತೀರಬೇಕು, ದುಃಖ ತೀರುವುದಕ್ಕೆ ಅದರ ಋಣ ಸಂದಾಯವಾಗಬೇಕು. ವರ, ಶಾಪ, ಬೆಲೆ, ಗಡುವು ಎಂಬ ಅಜ್ಜಿಕಥೆಯ ಕಾನೂನುಗಳನ್ನೆಲ್ಲ ಲೋ ಪಾಲಿಸುತ್ತಾರೆ, ಆ ಕಾನೂನಿನೊಳಗೇ ಹುಡುಗಿಗೆ ದಾರಿ ಬಿಡಿಸಿಕೊಡುತ್ತಾರೆ.

ಇನ್ನೊಂದು ಗಟ್ಟಿ ನಿರ್ಧಾರವೂ ಇದೆ. ಆ್ಯಶ್ ಬಾಳುವ ಜಗತ್ತಿನಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಸುದ್ದಿಯೇ ಅಲ್ಲ. ಯಾರೂ ಬೆರಗಾಗುವುದಿಲ್ಲ, ಬೈಯುವುದಿಲ್ಲ. ಅದಕ್ಕೊಂದು ಬೇರೆ ಹೆಸರೂ ಇಲ್ಲ. ಆ್ಯಶ್‌ಗೆ ಅಡ್ಡಿಯಾಗಿರುವುದು ಬಡತನ, ಜೀತ ಮತ್ತು ಕಿನ್ನರನಿಗೆ ಕೊಟ್ಟ ಮಾತು. ಸಲಿಂಗ ಪ್ರೇಮದ ಕಥೆ ಎಂದರೆ ಅವಮಾನ, ಗುಟ್ಟು, ಮನೆಯವರ ಕಣ್ಣೀರು ಎಂಬ ಚೌಕಟ್ಟಿಗೆ ಒಗ್ಗಿಹೋದ ಓದುಗನಿಗೆ ಮೊದಲು ಏನೋ ಕೊರತೆ ಕಂಡೀತು. ನಾಲ್ಕು ಅಧ್ಯಾಯ ಕಳೆಯುವಷ್ಟರಲ್ಲಿ ಆ ನಿರಾಳವೇ ಪುಸ್ತಕದ ಉಸಿರು ಎಂದು ತಿಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಕಾದಂಬರಿಯುದ್ದಕ್ಕೂ ಹೆದರಿಸಿದ ಒಪ್ಪಂದ ಕೊನೆಯ ಕೆಲವೇ ಪುಟಗಳಲ್ಲಿ ತೀರಾ ಸಲೀಸಾಗಿ ಬಗೆಹರಿಯುತ್ತದೆ. ಆ ಒಂದು ರಾತ್ರಿಯ ಬಗ್ಗೆ ಲೇಖಕಿ ಇನ್ನಷ್ಟು ಬರೆಯಬೇಕಿತ್ತು. ಮಲತಾಯಿಯೂ ಹಿರಿಯ ಮಗಳು ಆನಾಳೂ ಹಳೆಯ ಅಚ್ಚಿನಿಂದ ಪೂರ್ತಿ ಹೊರಬಂದಿಲ್ಲ. ಕಿರಿಯವಳು ಕ್ಲಾರಾಳಿಗೆ ಮಾತ್ರ ಒಂದಿಷ್ಟು ಒಳ್ಳೆಯ ಮನಸ್ಸು ದಕ್ಕಿದೆ.

ಕೃತಿಗೆ ಒಳ್ಳೆಯ ಸ್ವಾಗತ ದೊರೆಯಿತು. ಹದಿಹರೆಯದವರ ಸಾಹಿತ್ಯದ ಚೊಚ್ಚಲ ಕೃತಿಗಳಿಗೆ ಮೀಸಲಾದ ವಿಲಿಯಂ ಸಿ. ಮಾರಿಸ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂತು. ಆಂಡ್ರೆ ನಾರ್ಟನ್, ಮಿಥೊಪಿಯಿಕ್, ಲ್ಯಾಂಬ್ಡಾ ಪ್ರಶಸ್ತಿಗಳ ಅಂತಿಮ ಪಟ್ಟಿಗಳಲ್ಲೂ ಸ್ಥಾನ ಪಡೆಯಿತು. 2011ರಲ್ಲಿ ಬಂದ ‘ಹಂಟ್ರೆಸ್’ ಇದೇ ಲೋಕದ, ಹಲವು ಶತಮಾನ ಹಿಂದಿನ ಕಥೆ. ಅದರಲ್ಲಿ ಚೀನೀ ಪರಂಪರೆಯ ಛಾಯೆ ದಟ್ಟವಾಗಿದೆ. ಮುಂದೆ 1950ರ ದಶಕದ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಬೀದಿಗಳಲ್ಲಿ ನಡೆಯುವ ‘ಲಾಸ್ಟ್ ನೈಟ್ ಅಟ್ ದಿ ಟೆಲಿಗ್ರಾಫ್ ಕ್ಲಬ್’ ಕಾದಂಬರಿಗೆ ಲೋ 2021ರ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದರು.

ಹಿಂದಿನ ಹಾದಿ

ಆ್ಯಶ್ ಬಂದ ಕಾಲವನ್ನು ತಿಳಿಯದೆ ಅದರ ಬೆಲೆ ತಿಳಿಯದು. ಅಮೆರಿಕದ ಯುವಸಾಹಿತ್ಯದಲ್ಲಿ ಸಲಿಂಗ ಪ್ರೇಮ ಮೊದಲು ಕಾಣಿಸಿಕೊಂಡದ್ದು 1969ರಲ್ಲಿ, ಜಾನ್ ಡೊನೊವನ್ ಅವರ ಕಾದಂಬರಿಯಲ್ಲಿ. ಆಮೇಲೆ ವರ್ಷಗಟ್ಟಲೆ ಇಂಥ ಕಥೆಗಳಲ್ಲಿ ಅಪಘಾತ, ಸಾವು, ಪಶ್ಚಾತ್ತಾಪಗಳೇ ಮುಕ್ತಾಯವಾಗಿದ್ದವು. ಇಬ್ಬರು ಹುಡುಗಿಯರ ಪ್ರೇಮವನ್ನು ಸುಖಾಂತದಲ್ಲಿ ನಿಲ್ಲಿಸಿದ ನ್ಯಾನ್ಸಿ ಗಾರ್ಡನ್ ಅವರ ‘ಆ್ಯನಿ ಆನ್ ಮೈ ಮೈಂಡ್’ 1982ರಲ್ಲಿ ಬಂತು. 1993ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಅದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು. ಕ್ಯಾನ್ಸಸ್ ರಾಜ್ಯದ ಒಲೇಥಾ ಊರಿನ ಶಾಲಾ ಗ್ರಂಥಾಲಯಗಳಿಂದ ಪುಸ್ತಕವನ್ನು ತೆಗೆದುಹಾಕಿದಾಗ ವಿದ್ಯಾರ್ಥಿಗಳೂ ಪೋಷಕರೂ ನ್ಯಾಯಾಲಯಕ್ಕೆ ಹೋದರು, 1995ರಲ್ಲಿ ಗೆದ್ದರು. 2003ರಲ್ಲಿ ಡೇವಿಡ್ ಲೆವಿಥನ್ ‘ಬಾಯ್ ಮೀಟ್ಸ್ ಬಾಯ್’ ಬರೆದು, ಹುಡುಗರಿಬ್ಬರ ಪ್ರೀತಿಗೆ ಯಾರೂ ಹುಬ್ಬೇರಿಸದ ಊರೊಂದನ್ನು ಕಲ್ಪಿಸಿದರು. ಆ್ಯಶ್‌ನ ಜಗತ್ತು ಆ ಊರಿನ ನೆರೆಯದು.

ಅಜ್ಜಿಕಥೆಯ ಕಡೆಯಿಂದ ನೋಡಿದರೆ ಮೊದಲು ಕೈಮುಗಿಯಬೇಕಾದದ್ದು ಐರ್ಲೆಂಡಿನ ಎಮ್ಮಾ ಡೊನೊಹ್ಯೂ ಅವರಿಗೆ. 1997ರ ‘ಕಿಸ್ಸಿಂಗ್ ದಿ ವಿಚ್’ ಸಂಕಲನದಲ್ಲಿ ಅವರು ಹದಿಮೂರು ಕಥೆಗಳನ್ನು ಸರಪಳಿಯಂತೆ ಕೋದರು. ಅದರ ಸಿಂಡರೆಲಾ ರಾಜಕುಮಾರನನ್ನು ಬಿಟ್ಟು, ತನಗೆ ನೆರವಾದ ಹೆಂಗಸಿನ ಜೊತೆ ಮನೆಗೆ ನಡೆಯುತ್ತಾಳೆ. ಇನ್ನೂ ಹಿಂದಕ್ಕೆ ಹೋದರೆ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಗೆಳೆಯ ಎಡ್ವರ್ಡ್ ಕೊಲಿನ್‌ಗೆ ಆಂಡರ್ಸನ್ ಬರೆದ ಆರ್ತ ಪತ್ರಗಳು ಉಳಿದಿವೆ. ಕೊಲಿನ್ ಮದುವೆಯಾದದ್ದು 1836ರಲ್ಲಿ, ಮಾತು ಕಳೆದುಕೊಂಡ ಮತ್ಸ್ಯಕನ್ಯೆಯ ಕಥೆ ಅಚ್ಚಾದದ್ದು 1837ರಲ್ಲಿ. ಹೇಳಲಾಗದ ಪ್ರೀತಿಯ ಕಥೆಯಾಗಿ ಅದನ್ನು ಓದುವ ವಿಮರ್ಶಕರು ಕಡಿಮೆಯಿಲ್ಲ.

ಮುಂದಿನ ಕೃತಿಗಳು

2011ರಲ್ಲಿ ಲೋ ಲೆಕ್ಕ ಹಾಕಿದಾಗ ಅಮೆರಿಕದ ಯುವಸಾಹಿತ್ಯದಲ್ಲಿ ಲೈಂಗಿಕ ಅಲ್ಪಸಂಖ್ಯಾತ ಪಾತ್ರಗಳಿದ್ದ ಪುಸ್ತಕಗಳು ಶೇ. 1ಕ್ಕಿಂತ ಕಡಿಮೆ. ಮುಂದಿನ ದಶಕದಲ್ಲಿ ಚಿತ್ರ ಬದಲಾಯಿತು. ಕ್ಯಾಲಿನ್ ಬೇರನ್ ಅವರ ‘ಸಿಂಡರೆಲಾ ಈಸ್ ಡೆಡ್’ (2020) ಕಥೆಯಲ್ಲಿ ಸಿಂಡರೆಲಾ ಸತ್ತು 200 ವರ್ಷವಾಗಿದೆ. ಅವಳ ಕಥೆಯೇ ರಾಜ್ಯದ ಕಾನೂನಾಗಿ, ಹುಡುಗಿಯರೆಲ್ಲ ನೃತ್ಯಕೂಟದಲ್ಲಿ ಗಂಡಸರ ಮುಂದೆ ಸಾಲಾಗಿ ನಿಲ್ಲಬೇಕು. ಆ್ಯಶ್‌ನ ನಿರಾಳ ಇಲ್ಲಿಲ್ಲ, ಸಿಟ್ಟಿದೆ. ಅದೇ ವರ್ಷದ ಮೆಲಿಸಾ ಬಶರ್ದೂಸ್ತ್ ಅವರ ‘ಗರ್ಲ್, ಸರ್ಪೆಂಟ್, ಥಾರ್ನ್’ ಪರ್ಷಿಯಾದ ಶಾಹ್‌ನಾಮಾದಿಂದಲೂ ಅಮೆರಿಕದ ಕಥೆಗಾರ ಹಾಥಾರ್ನ್ ಬರೆದ ವಿಷಕನ್ಯೆಯ ಕಥೆಯಿಂದಲೂ ಎಳೆಗಳನ್ನು ಪಡೆದಿದೆ. ಹಾಥಾರ್ನ್‌ನ ಕಥೆಯೊಳಗೇ ಭಾರತದ ಅರಸನೊಬ್ಬ ಅಲೆಕ್ಸಾಂಡರನಿಗೆ ಕಳಿಸಿದ ವಿಷಕನ್ಯೆಯ ಪ್ರಸ್ತಾಪ ಬರುತ್ತದೆ. ಮುಟ್ಟಿದರೆ ಕೊಲ್ಲುವ ಮೈಯುಳ್ಳ ರಾಜಕುಮಾರಿ ಸೊರಾಯಾ ಆ ಮನೆತನದವಳೇ.

ಟ್ರಂಗ್ ಲೆ ನ್ಗುಯೆನ್ ಅವರ ಚಿತ್ರಕಾದಂಬರಿ ‘ದಿ ಮ್ಯಾಜಿಕ್ ಫಿಶ್’ (2020) ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ವಿಯೆಟ್ನಾಂನಿಂದ ವಲಸೆ ಬಂದ ತಾಯಿಯೂ ಅಮೆರಿಕದಲ್ಲಿ ಬೆಳೆಯುತ್ತಿರುವ ಮಗನೂ ಗ್ರಂಥಾಲಯದಿಂದ ತಂದ ಅಜ್ಜಿಕಥೆಗಳನ್ನು ಕೂಡಿ ಓದುತ್ತಾರೆ. ತಾನು ಹುಡುಗನನ್ನು ಇಷ್ಟಪಡುತ್ತೇನೆ ಎಂದು ತಾಯಿಯ ನುಡಿಯಲ್ಲಿ ಹೇಳಲು ಮಗನಿಗೆ ಪದ ಗೊತ್ತಿಲ್ಲ. ಕಥೆಗಳೇ ಇಬ್ಬರ ನಡುವಿನ ಭಾಷೆಯಾಗುತ್ತವೆ. ಮಕ್ಕಳು ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡ ಮನೆಗಳಲ್ಲಿ ಈ ಪುಸ್ತಕಕ್ಕೆ ಜಾಗವಿರಬೇಕು.

ವಿರೋಧವೂ ಜೊತೆಗೇ ಬೆಳೆಯಿತು. ಹಂಗೆರಿಯಲ್ಲಿ ಲಾಬ್ರಿಸ್ ಎಂಬ ಸಲಿಂಗಿ ಮಹಿಳೆಯರ ಸಂಘ 2020ರಲ್ಲಿ ಎಲ್ಲ ಬಗೆಯ ಮಕ್ಕಳಿಗೂ ಜಾಗವಿರುವ ಮರುಕಥನಗಳ ಸಂಕಲನ ತಂದಾಗ, ಸಂಸದೆಯೊಬ್ಬರು ಪತ್ರಕರ್ತರ ಮುಂದೆ ಅದರ ಹಾಳೆಗಳನ್ನು ಕಿತ್ತು ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಮರುವರ್ಷ ಅಪ್ರಾಪ್ತರಿಗೆ ಸಲಿಂಗ ಪ್ರೇಮದ ಚಿತ್ರಣ ತೋರಿಸುವುದನ್ನು ನಿರ್ಬಂಧಿಸುವ ಕಾನೂನೇ ಅಲ್ಲಿ ಬಂತು. ಮಕ್ಕಳ ಕಥೆಯ ಮೇಲೆ ಇಷ್ಟು ಕೋಪ ಬರುವುದಕ್ಕೆ ಕಾರಣವಿದೆ. ಯಾರಿಗೆ ಸುಖ ಸಲ್ಲುತ್ತದೆ ಎಂಬುದನ್ನು ಮಗು ಮೊದಲು ಕಲಿಯುವುದು ಅಜ್ಜಿಕಥೆಯ ಕೊನೆಯ ಸಾಲಿನಲ್ಲಿ.

ಕನ್ನಡದ ನೆಲೆ

ಸಿಂಡರೆಲಾ ಕನ್ನಡಕ್ಕೆ ಹೊರಗಿನವಳಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿ ವಿಶ್ಲೇಷಿಸಿದ ‘ಹಂಚಿ’ಯ ಕಥೆ, ಅಲನ್ ಡಂಡೆಸ್ 1982ರಲ್ಲಿ ಸಂಪಾದಿಸಿದ ಸಿಂಡರೆಲಾ ಅಧ್ಯಯನ ಗ್ರಂಥದಲ್ಲಿ ಕನ್ನಡದ ಸಿಂಡರೆಲಾ ಎಂಬ ಹೆಸರಿನಲ್ಲೇ ಸೇರಿದೆ. ಚಿನ್ನದ ಕೂದಲಿನ ಹುಡುಗಿಯ ಮೇಲೆ ಸ್ವಂತ ಅಣ್ಣನ ಕಣ್ಣು ಬೀಳುತ್ತದೆ. ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಸಿ ಊರು ಬಿಡಿಸುತ್ತಾಳೆ. ಸಾಹುಕಾರನ ಮನೆಯಲ್ಲಿ ಕೆಲಸಕ್ಕಿದ್ದ ಅವಳ ನಿಜರೂಪ ಕಂಡು ಆ ಮನೆಯ ಮಗ ಮದುವೆಯಾಗುತ್ತಾನೆ. ಯುರೋಪಿನ ಕಥೆ ನಿಲ್ಲುವುದು ಅಲ್ಲೇ, ನಮ್ಮದು ನಿಲ್ಲುವುದಿಲ್ಲ. ಕಾಮುಕನಾದ ಗುರುವೊಬ್ಬ ಅವಳ ಮೇಲೆ ಅಪವಾದ ಹೊರಿಸುತ್ತಾನೆ, ಗಂಡನ ಮನೆಯವರು ನಂಬುತ್ತಾರೆ, ಕೊನೆಗೆ ಉಪಾಯದಿಂದ ಅವಳನ್ನು ಉಳಿಸುವವಳು ಒಬ್ಬ ಮುದುಕಿ. ಮದುವೆಯೇ ಹೆಣ್ಣಿನ ಸುಖಾಂತವಲ್ಲ ಎಂದು ಕನ್ನಡದ ಅಜ್ಜಿಯರಿಗೆ ಮೊದಲಿನಿಂದಲೂ ಗೊತ್ತಿತ್ತು. ಹೆಣ್ಣನ್ನು ಹೆಣ್ಣು ಕಾಯುವ ಎಳೆಯೂ ಅಲ್ಲಿದೆ.

ಜನಪದ ಕಥೆಯಿಂದ ಸಲಿಂಗ ಪ್ರೇಮದ ಕಥೆ ಕಟ್ಟುವ ಕೆಲಸವೂ ಭಾರತದಲ್ಲಿ ಆ್ಯಶ್‌ಗಿಂತ ಹಳೆಯದು. ರಾಜಸ್ಥಾನಿಯ ವಿಜಯದಾನ್ ದೇಥಾ, ಗಂಡುವೇಷದಲ್ಲಿ ಬೆಳೆದ ಹುಡುಗಿಯೂ ಅವಳನ್ನು ಮದುವೆಯಾದ ಹುಡುಗಿಯೂ ಭೂತಗಳ ಒಡೆಯನ ಆಶ್ರಯದಲ್ಲಿ ಒಟ್ಟಿಗೆ ಬಾಳುವ ಕಥೆ ಬರೆದಿದ್ದಾರೆ. ಕನ್ನಡದಲ್ಲಿ ಸಲಿಂಗಿಯ ಬದುಕನ್ನು ಮರೆಮಾಚದೆ ಹೇಳಿದ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದು ದೊಡ್ಡವರ ಪುಸ್ತಕ. ಸುಪ್ರೀಂ ಕೋರ್ಟು ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 2018ರ ಸೆಪ್ಟೆಂಬರ್ 6ರಂದು.

ಆ್ಯಶ್‌ನಲ್ಲಿ ಶಾಲಾ ಮಕ್ಕಳ ಕೈಗೆ ಕೊಡಲು ಹಿಂಜರಿಯಬೇಕಾದದ್ದೇನೂ ಇಲ್ಲ. ಇಂಗ್ಲಿಷ್ ಸರಳವಾಗಿದೆ, ಪ್ರೇಮದ ಚಿತ್ರಣ ಸಂಯಮದ್ದು. ಪಿಯುಸಿ ಕಾಲೇಜುಗಳ ಗ್ರಂಥಪಾಲಕರು ಇದನ್ನು ತರಿಸಿ ರಾಮಾನುಜನ್ ಅವರ ಕನ್ನಡ ಕಥೆಗಳ ಸಂಗ್ರಹದ ಪಕ್ಕದಲ್ಲಿಡಲಿ. ಕನ್ನಡದ ಕಥೆಗಾರರು ಹಂಚಿಯ ಕಥೆಯನ್ನು ಹದಿಹರೆಯದವರಿಗಾಗಿ ಮತ್ತೊಮ್ಮೆ ಹೇಳಲು ಮನಸ್ಸು ಮಾಡಲಿ.